ಹೈಡ್ರೋಜನ್ ಅಳಿಯ

ಸರಕು ಸಾಗಿಸುವ ದೊಡ್ಡ ಲಾರಿಗಳಿಗೆ ಯಾವ ಇಂಧನ ಅಗ್ಗ ಎಂಬ ಪ್ರಶ್ನೆಗೆ ದೊಡ್ಡ ದೊಡ್ಡ ತಲೆಗಳೆಲ್ಲ ಇನ್ನೂ ಉತ್ತರ ಹುಡುಕುತ್ತಿವೆಯಂತೆ. ಪಾಪ, ಅವರು ಸುಮ್ಮನೆ ನಮ್ಮ ಸೆಲ್ಮಾ ಊರಿಗೆ ಬಂದು ಒಂದು ಮಾತು ಕೇಳಬಹುದಿತ್ತು. ನಾವು ಆ ಉತ್ತರವನ್ನು ಎರಡೇ ತಿಂಗಳಲ್ಲಿ ಕಂಡುಹಿಡಿದು, ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು, ಜಿಲೇಬಿ ಹಂಚಿ, ಅದೇ ಮಧ್ಯಾಹ್ನ ಕಳೆದುಕೊಂಡೆವು. ಕಂಡುಹಿಡಿದವನು ನಾಜರ್ ಸಿಂಗ್. ಕಳೆದವನೂ ಅವನೇ. ನಾನು ಪಕ್ಕದಲ್ಲೇ ಕೂತು ಜಿಲೇಬಿ ತಿನ್ನುತ್ತಿದ್ದೆನಾದ್ದರಿಂದ ಈ ಕಥೆ ಹೇಳುವ ಹಕ್ಕು ನನಗಿದೆ.

ನನ್ನ ಹೆಸರು ಪ್ರೀತಮ್ ಸಿಂಗ್. ನಾಜರನೂ ನಾನೂ ಬೀಬೀಜೀ ಕಂಪನಿಯ ಡ್ರೈವರುಗಳು. ಬೀಬೀಜೀ ಎಂದರೆ ಮೊಹಿಂದರ್ ಕೌರ್; ಗಂಡ ತೀರಿಹೋದಾಗ ಉಳಿದಿದ್ದ ಎರಡು ಲಾರಿಗಳನ್ನು ಇಪ್ಪತ್ತು ಮಾಡಿದ ಮಹಾತಾಯಿ. ಕಣಿವೆಯ ಬಾದಾಮಿ, ಒಣದ್ರಾಕ್ಷಿ ತುಂಬಿಕೊಂಡು ಓಕ್‌ಲ್ಯಾಂಡ್ ಬಂದರಿಗೆ ಹೋಗುವುದು, ಖಾಲಿ ಕಂಟೇನರ್ ಎಳೆದುಕೊಂಡು ವಾಪಸ್ಸು ಬರುವುದು, ಹೋಗಿಬರಲು ಮುನ್ನೂರ ಎಂಬತ್ತು ಮೈಲಿ. ಇಷ್ಟೇ ನಮ್ಮ ಜೀವನ.

ಡಿಸೆಂಬರಿನಲ್ಲಿ ಸರ್ಕಾರದ ಒಂದು ಕಚೇರಿಯಿಂದ ಕಾಗದ ಬಂತು. ಹಳೆಯ ಡೀಸೆಲ್ ಲಾರಿ ಬಿಟ್ಟು ಹೊಸ ಇಂಧನದ ಲಾರಿ ಕೊಳ್ಳುವವರಿಗೆ, ಫೆಬ್ರವರಿ ಮುಗಿಯುವುದರೊಳಗೆ ಸಹಿ ಹಾಕಿದರೆ, ಅರ್ಧ ಬೆಲೆ ನಾವು ಕೊಡುತ್ತೇವೆ ಎಂದು. ಉಳಿದರ್ಧಕ್ಕೆ ಬ್ಯಾಂಕಿನ ಬಾಗಿಲು ತಟ್ಟಬೇಕು. ಬೀಬೀಜೀ ಕಾಗದವನ್ನು ಮೂರು ಸಲ ಓದಿಸಿ ಕೇಳಿದರು.

“ಹತ್ತು ಲಾರಿ ತಗೊಳ್ಳೋದೂ ಒಂದೇ, ಹತ್ತು ಮದುವೆ ಮಾಡೋದೂ ಒಂದೇ,” ಎಂದರು. “ಆರಿಸೋವಾಗ ಎಡವಿದ್ರೆ ನಾನೂ ಮುಳುಗ್ತೀನಿ, ನಿಮ್ಮ ಇಪ್ಪತ್ತು ಮನೆ ಒಲೆಗೂ ನೀರು ಬೀಳುತ್ತೆ. ಮೊದಲು ಓಡಿಸಿ ನೋಡ್ರೋ. ಯಾವುದು ಅಗ್ಗವೋ ಅದಕ್ಕೆ ನನ್ನ ಸಹಿ.”

ಹಾಗಾಗಿ ನಾಲ್ಕು ಲಾರಿಗಳು ಬಾಡಿಗೆಗೆ ಬಂದವು. ಒಂದೇ ರಸ್ತೆ, ಒಂದೇ ಭಾರ, ಎಂಟು ವಾರ, ನಾಲ್ಕು ಥರದ ಇಂಧನ. ಲೆಕ್ಕ ನೋಡಿಕೊಳ್ಳಲು ಕಚೇರಿಯಿಂದ ಟ್ರೆವರ್ ಲಿಂಡ್‌ಕ್ವಿಸ್ಟ್ ಎಂಬ ಅಧಿಕಾರಿ ಬಂದ. ಬಿಳಿ ಅಂಗಿ, ತೆಳ್ಳನೆಯ ಕುತ್ತಿಗೆ, ಯಾರನ್ನೂ ಅನುಮಾನಿಸದ ಕಣ್ಣು. ಆ ಲಾರಿಗಳನ್ನು ಓಡಿಸಬೇಕಿದ್ದ ನಾಜರ್, ಮಲ್ಕೀತ್, ಕೇಹರ್, ನಾನು, ಹೀಗೆ ನಾಲ್ವರು ಡ್ರೈವರುಗಳ ಕೈಗೂ ಒಂದೊಂದು ನೀಲಿ ಪುಸ್ತಕ ಕೊಟ್ಟು ಪಾಠ ಮಾಡಿದ.

“ಖರ್ಚಾದದ್ದೆಲ್ಲ ಈ ಪುಟಕ್ಕೆ, ಬಂದದ್ದೆಲ್ಲ ಆ ಪುಟಕ್ಕೆ. ಒಂದು ಸೆಂಟೂ ಬಿಡಬೇಡಿ. ನಿಮಗೆ ಮುಖ್ಯ ಅಲ್ಲ ಅನ್ನಿಸಿದ್ದೇ ನಮಗೆ ಮುಖ್ಯ ಆಗಬಹುದು.”

ಸರ್ಕಾರಿ ಅಧಿಕಾರಿಯ ಮಾತನ್ನು ಮನಸ್ಸಿಟ್ಟು ಕೇಳಿದ ಪ್ರಪಂಚದ ಏಕೈಕ ಮನುಷ್ಯ ನಾಜರ್ ಸಿಂಗ್. ಉಳಿದ ಮೂವರು ಟೀ ಎಲ್ಲಿ ಎಂದು ನೋಡುತ್ತಿದ್ದೆವು.

ಯಾರಿಗೆ ಯಾವ ಲಾರಿ ಎಂದು ಸ್ಟೀಲ್ ಲೋಟದಲ್ಲಿ ಚೀಟಿ ಹಾಕಿ ಎತ್ತಿಸಿದರು. ಮಲ್ಕೀತನಿಗೆ ಹಾಲಿನ ಡೇರಿಗಳ ಸಗಣಿಯಿಂದ ತೆಗೆದ ಗ್ಯಾಸಿನ ಲಾರಿ ಬಂತು. ಕೇಹರನಿಗೆ ಬ್ಯಾಟರಿ ಲಾರಿ. ಅದು ಚಾರ್ಜ್ ಆಗುವ ಎರಡೆರಡು ಗಂಟೆ ಎದುರಿನ ಢಾಬಾದಲ್ಲಿ ಕೂತೂ ಕೂತೂ ಅವನು ಹನ್ನೊಂದು ಪೌಂಡು ದಪ್ಪಗಾದ, ಆದರೆ ಅದನ್ನು ಯಾವ ಪುಟಕ್ಕೂ ಬರೆಯಲಿಲ್ಲ. ನನಗೆ ಹೋಟೆಲುಗಳಲ್ಲಿ ಕರಿದು ಬಿಟ್ಟ ಎಣ್ಣೆಯಿಂದ ಮಾಡಿದ ಡೀಸೆಲ್. ಎಂಟು ವಾರವೂ ನನಗೆ ದಾರಿಯುದ್ದಕ್ಕೂ ಪಕೋಡದ ಹಸಿವು. ನಾಜರ್ ಆ ಹೊತ್ತಿನಲ್ಲಿ ಅಂಗಳದ ತುದಿಗೆ ನಿಂತು ಮಂಜು ನೋಡುತ್ತಿದ್ದ. ಕರೆದು ಕರೆದು ಬಂದಾಗ ಲೋಟದಲ್ಲಿ ಒಂದೇ ಚೀಟಿ ಉಳಿದಿತ್ತು. ಹೈಡ್ರೋಜನ್.

ಹೊಂದಿಕೆ ಎಂದರೆ ಅದು! ಜನವರಿಯಲ್ಲಿ ನಮ್ಮ ಕಣಿವೆಯ ಮಂಜು ಮೇಲಿನಿಂದ ಇಳಿಯುವುದಿಲ್ಲ, ನೆಲದಿಂದ ಏಳುತ್ತದೆ. ಬೆಳಗಿನ ಹೊತ್ತು ರಸ್ತೆ ಇರುವುದಿಲ್ಲ, ತೋಟಗಳಿರುವುದಿಲ್ಲ, ಮುಂದಿನ ಲಾರಿಯ ಎರಡು ಕೆಂಪು ದೀಪ ಬಿಟ್ಟರೆ ಲೋಕವೇ ಇರುವುದಿಲ್ಲ. ಆ ಬಿಳುಪಿನ ನಡುವೆ ನಾಜರನ ಲಾರಿ ಸದ್ದೇ ಇಲ್ಲದೆ ಹೋಗುತ್ತಿತ್ತು. ಹೊಗೆ ಇಲ್ಲ, ನಡುಕ ಇಲ್ಲ. ಹಿಂದಿನಿಂದ ತೆಳ್ಳಗೆ ಆವಿ ಹೊರಟು ಮಂಜಿಗೆ ಸೇರಿಹೋಗುತ್ತಿತ್ತು. ನಾನು ಹಿಂದೆ ನನ್ನ ಪಕೋಡ ಡೀಸೆಲ್ಲನ್ನು ಗುಡುಗಿಸಿಕೊಂಡು ಹೋಗುತ್ತಿದ್ದರೆ ಅವನು ಫೋನಿನಲ್ಲಿ ಪಿಸುಗುಟ್ಟುತ್ತಿದ್ದ.

“ಪ್ರೀತಮ್ ಪಾಜೀ, ಇದು ಓಡೋದಲ್ಲ, ತೇಲೋದು. ಹಿಂದೆ ಇಪ್ಪತ್ತು ಟನ್ ಬಾದಾಮಿ ಇದೆ ಅನ್ನೋದೇ ಮರೆತೋಗುತ್ತೆ. ನಾನು ಎದ್ದಿದ್ದೀನೋ ಮಲಗಿದ್ದೀನೋ ಅಂತಾನೇ ಗೊತ್ತಾಗ್ತಿಲ್ಲ.”

“ಎದ್ದಿರೋ ಮಾರಾಯಾ! ಹಿಂದೆ ನಾನಿದ್ದೀನಿ.”

ಇಷ್ಟಕ್ಕೆ ನಿಂತಿದ್ದರೆ ಕಥೆ ಇರುತ್ತಿರಲಿಲ್ಲ. ಲಾರಿ ಕೈಗೆ ಬಂದ ದಿನವೇ ನಾಜರ್ ತನ್ನ ಮಾವನಿಗೆ ಫೋನ್ ಮಾಡಿದ್ದ. ಮಾವ ಸರ್ವಣ್ ಸಿಂಗ್ ಲಿವಿಂಗ್‌ಸ್ಟನ್‌ನಲ್ಲಿ ಬಾದಾಮಿ ತೋಟದವನು. ಆ ಮನೆಯಲ್ಲಿ ಹದಿನೇಳು ವರ್ಷಗಳಿಂದ ನಾಜರ್ ಎಂದರೆ ‘ಲಾರಿ ಓಡಿಸೋ ಅಳಿಯ’. ಅದರಲ್ಲಿ ತಪ್ಪೇನಿಲ್ಲ, ಅವನು ಓಡಿಸುವುದು ಲಾರಿಯನ್ನೇ. ಆದರೂ ಮನುಷ್ಯನಿಗೆ ಒಂದು ಆಸೆ ಇರುತ್ತದಲ್ಲ. ನನ್ನೆದುರಿಗೇ, ಎದೆ ಉಬ್ಬಿಸಿಕೊಂಡು ಹೇಳಿದ:

“ಹ್ಞೂಂ ಪಾಪಾಜೀ, ಸರ್ಕಾರದೋರು ನನ್ನ ನೇಮಿಸಿದ್ದಾರೆ. ಈ ರಾಜ್ಯದಲ್ಲಿ ಇನ್ಮುಂದೆ ಲಾರಿಗಳು ಯಾವುದರಲ್ಲಿ ಓಡ್ಬೇಕು ಅಂತ ನಾನು ಬರೆದುಕೊಡ್ಬೇಕಂತೆ. ಪುಸ್ತಕಾನೂ ಕೊಟ್ಟಿದ್ದಾರೆ, ನೀಲಿ ಬಣ್ಣದ್ದು.”

ಆ ಮಾತಿನಲ್ಲಿ ಒಂದು ಸುಳ್ಳೂ ಇರಲಿಲ್ಲ, ನಿಜವಂತೂ ಮೊದಲೇ ಇರಲಿಲ್ಲ. ಲಿವಿಂಗ್‌ಸ್ಟನ್‌ನಲ್ಲಿ ಸಂಜೆಯೊಳಗೆ ಸುದ್ದಿ ಹಬ್ಬಿತು: ಸರ್ವಣ್ ಸಿಂಗನ ಅಳಿಯ ಸರ್ಕಾರದ ದೊಡ್ಡ ಅಧಿಕಾರಿಯಾದ.

ಡೀಸೆಲ್ ಲಾರಿ ಟ್ಯಾಂಕ್ ತುಂಬಿಸಿ ಹೊರಟರೆ ಓಕ್‌ಲ್ಯಾಂಡಿಗೆ ಹೋಗಿ ಬಂದರೂ ಇನ್ನೂ ಉಳಿದಿರುತ್ತದೆ. ಹದಿನೇಳು ವರ್ಷ ನಾಜರ್ ಮಾವನ ಊರನ್ನು ಅರವತ್ತು ಮೈಲಿ ವೇಗದಲ್ಲಿ ದಾಟಿದ್ದ. ಹೈಡ್ರೋಜನ್ ಲಾರಿಗೆ ಆ ದಾರಿಯಲ್ಲಿ ಇದ್ದದ್ದು ಒಂದೇ ಪಂಪು. ಹೋಗುವಾಗಲೂ ಅಲ್ಲೇ ನಿಲ್ಲಬೇಕು, ಬರುವಾಗಲೂ ಅಲ್ಲೇ. ಆ ಪಂಪು ಲಿವಿಂಗ್‌ಸ್ಟನ್‌ನಲ್ಲಿತ್ತು, ಸರ್ವಣ್ ಸಿಂಗನ ತೋಟದಿಂದ ಅರ್ಧ ಮೈಲಿ. ತುಂಬಿಸಲು ಮುಕ್ಕಾಲು ಗಂಟೆ ಬೇಕು. ಅಳಿಯ ಮಾವನ ಮನೆಯ ಪಕ್ಕದಲ್ಲಿ ಮುಕ್ಕಾಲು ಗಂಟೆ ಬೀದಿಯಲ್ಲಿ ನಿಂತಿದ್ದ ಎಂದರೆ ಊರು ಏನಂದೀತು?

ಮೊದಲ ದಿನ ಇಡೀ ಮನೆ ಬಾಗಿಲಿಗೆ ಬಂತು. ಬಂದವನಿಗೆ ಶುಭವಾಗಲೆಂದು ಬಾಗಿಲ ಚೌಕಟ್ಟಿಗೆ ಎಣ್ಣೆ ಬಿಟ್ಟರು, ಪರಾಠೆ ಬೆಣ್ಣೆಯಲ್ಲಿ ಮುಳುಗಿತು. ನಮ್ಮಲ್ಲಿ ಅಳಿಯನನ್ನು ಅತಿಥಿ ಎಂದೇ ಕರೆಯುವುದು. ಅತಿಥಿಯನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಬರೀ ಲಾರಿ ಅಳಿಯನಾಗಿದ್ದರೆ ಇಪ್ಪತ್ತೊಂದು ಡಾಲರಿನಲ್ಲಿ ಮುಗಿಯುತ್ತಿತ್ತು. ಈಗ ಅಧಿಕಾರಿ. ಸರ್ವಣ್ ಸಿಂಗ್ ನೂರ ಒಂದು ಡಾಲರ್ ಲಕೋಟೆಗೆ ಹಾಕಿ, ಐವತ್ತು ಪೌಂಡಿನ ಒಂದು ಚೀಲ ಬಾದಾಮಿ ತರಿಸಿದ.

“ಬೇಡ ಪಾಪಾಜೀ.”

“ಇಟ್ಕೊಳ್ಳಿ ನಾಜರ್ ಸಿಂಗ್ ಜೀ.”

“ಅಯ್ಯೋ, ಖಂಡಿತಾ ಬೇಡ.”

“ನಮ್ಮ ಮರ್ಯಾದೆ ಉಳಿಸಿ, ಇಟ್ಕೊಳ್ಳಿ.”

ಬೇಡ ಎನ್ನಬೇಕಾದ್ದು ಅಳಿಯನ ಧರ್ಮ, ತುರುಕಬೇಕಾದ್ದು ಮಾವನ ಧರ್ಮ. ಇಬ್ಬರೂ ಧರ್ಮಿಷ್ಠರಾದ್ದರಿಂದ ಅಂಗಿಯ ಜೇಬು ಹರಿಯಿತು. ನಾಜರ್ ಪಂಪಿಗೆ ಬಂದು, ಆವಿಯ ನಡುವೆ ಕೂತು, ನೀಲಿ ಪುಸ್ತಕ ತೆಗೆದು ಬರೆದ. ಖರ್ಚು: ಜೇಬು ಹೊಲಿಸಲು ಆರು ಡಾಲರ್. ಬಂದದ್ದು: ಲಿವಿಂಗ್‌ಸ್ಟನ್‌ನಲ್ಲಿ ನಿಂತದ್ದಕ್ಕೆ ನೂರ ಒಂದು ಡಾಲರ್, ಬಾದಾಮಿ ಒಂದು ಚೀಲ.

ಅದೇ ಸಂಜೆ ವಾಪಸ್ಸು ಬರುವಾಗ ಮತ್ತೆ ನಿಂತ. ಬೆಳಗ್ಗೆ ಕೊಟ್ಟು ಸಂಜೆ ಕೊಡದಿದ್ದರೆ ಅಷ್ಟರೊಳಗೆ ಅಳಿಯ ಏನು ತಪ್ಪು ಮಾಡಿದ ಎಂದಾಗುತ್ತದೆ. ಬಾದಾಮಿ ದಿನಕ್ಕೊಂದೇ ಚೀಲ ಸಾಕೆಂದು ಮನೆಯ ಹೆಂಗಸರು ಹೇಗೋ ತಡೆದರು, ಆದರೆ ಲಕೋಟೆ ಬಂದೇ ಬಂತು. ಸೋಮವಾರ ಕೊಟ್ಟ ಮೇಲೆ ಬುಧವಾರ ಬಿಡುವುದು ಹೇಗೆ? ಬುಧವಾರ ಕೊಟ್ಟ ಮೇಲೆ ಶುಕ್ರವಾರ? ಪಕ್ಕದ ತೋಟದವರು ಬೇಲಿಯ ಆಚೆ ನಿಂತು ನೋಡುತ್ತಿದ್ದರು. ಕೊಡುವುದನ್ನು ಶುರು ಮಾಡಲು ಶಾಸ್ತ್ರವಿದೆ, ನಿಲ್ಲಿಸಲು ಇಲ್ಲ.

ನಾಜರನಿಗೆ ಇದು ಹೊರೆಯಾಗಿ ಕಾಣಲೇ ಇಲ್ಲವೇ ಎಂದು ನೀವು ಕೇಳಬಹುದು. ಅವನು ಕನಸಿನಲ್ಲಿದ್ದ ಸ್ವಾಮೀ. ಮಂಜಿನಲ್ಲಿ ತೇಲಿಕೊಂಡು ಹೋಗುವುದು, ಮಂಜಿನೊಳಗಿಂದ ಬಾಗಿಲು ತೆರೆಯುವುದು, ಬಿಳಿ ಗಡ್ಡದ ಮಾವ ಕೈ ಮುಗಿಯುವುದು, ಬೆಣ್ಣೆಯ ಪರಾಠೆ, ಮತ್ತೆ ಮಂಜು. ಲಕೋಟೆಗಳನ್ನು ಅವನು ಒಡೆಯಲೂ ಇಲ್ಲ; ಬಿಸ್ಕತ್ತಿನ ಡಬ್ಬಿಗೆ ಹಾಕಿ ಇಡುತ್ತಿದ್ದ. ಅವನ ಗ್ಯಾರೇಜಿನಲ್ಲಿ ಬಾದಾಮಿ ಚೀಲಗಳು ಸೂರು ಮುಟ್ಟಲು ಹೊರಟವು. ಹೆಂಡತಿ ರೂಪಿಂದರ್ ನಮ್ಮ ಬೀದಿಗೆಲ್ಲ ಬಾದಾಮಿ ಹಲ್ವ ಹಂಚಿ ಹಂಚಿ ಸುಸ್ತಾದಳು.

“ಪಾಜೀ, ನಮ್ಮಪ್ಪನಿಗೆ ಏನಾಗಿದೆ?” ಎಂದು ನನ್ನ ಕೇಳಿದಳು. “ನನ್ನ ಮದುವೇಲೂ ಇಷ್ಟು ಕೊಡ್ಲಿಲ್ಲ.”

ಮೂರನೆಯ ವಾರ ಪಂಪು ಕೆಟ್ಟಿತು. ನಾಜರನ ಲಾರಿ ಎರಡು ದಿನ ಲಿವಿಂಗ್‌ಸ್ಟನ್‌ನಲ್ಲಿ ನಿಂತುಬಿಟ್ಟಿತು. ಐದನೆಯ ವಾರ ಮತ್ತೆ ಕೆಟ್ಟು ಮೂರು ದಿನ. ಅವನ ಕಂಟೇನರನ್ನು ಬಂದರಿಗೆ ಮುಟ್ಟಿಸು ಎಂದು ಬೀಬೀಜೀ ನನ್ನನ್ನು ಕಳಿಸಿದರು. ಹೋಗಿ ನೋಡುತ್ತೇನೆ, ಸರ್ವಣ್ ಸಿಂಗನ ಮನೆಯಲ್ಲಿ ಹಬ್ಬ! ಯೂಬಾ ಸಿಟಿಯಿಂದ ಚಿಕ್ಕಮ್ಮಂದಿರು ಬಂದಿದ್ದಾರೆ, ಅಧಿಕಾರಿಯನ್ನು ನೋಡಲು. ನಾಜರ್ ಒಳ್ಳೆಯ ಸೋಫಾದ ನಡುಮಧ್ಯೆ ಕೂತು ಹೈಡ್ರೋಜನ್ ಅಂದರೇನು ಎಂದು ಹೇಳುತ್ತಿದ್ದಾನೆ.

“ಅದು ಸುಟ್ಟರೆ ನೀರಾಗುತ್ತೆ ಮಾಸೀಜೀ.”

“ಸುಟ್ಟರೆ ನೀರಾ! ವಾಹೆಗುರು! ಇಷ್ಟು ಓದ್ಕೊಂಡಿದ್ದೀರಿ ಅಂತ ನಮಗೆ ಗೊತ್ತೇ ಇರ್ಲಿಲ್ಲ. ಇನ್ನೊಂದು ಕಬಾಬ್ ಹಾಕ್ಕೊಳ್ಳಿ.”

ಸರ್ವಣ್ ಸಿಂಗ್ ನನ್ನನ್ನು ಮೆಲ್ಲಗೆ ತೋಟದ ಕಡೆ ಕರೆದುಕೊಂಡು ಹೋದ. ಫೆಬ್ರವರಿ ಶುರುವಾಗಿ ಬಾದಾಮಿ ಹೂ ಬಿಟ್ಟಿತ್ತು. ಸಾಲು ಸಾಲು ಮರಗಳು ಎಲೆಯೇ ಇಲ್ಲದೆ ಬೆಳ್ಳಗೆ ನಿಂತಿದ್ದವು, ಗಾಳಿ ಇಲ್ಲದಿದ್ದರೂ ಹೂ ತಾನಾಗಿ ಉದುರುತ್ತಿತ್ತು. ಹೊರಗೆ ಬಂದವನೇ ಮುದುಕ ಪೇಟ ಸಡಿಲಿಸಿ ಉಸಿರು ಬಿಟ್ಟ. ಅಳಿಯ ಮನೆಯಲ್ಲಿರುವಷ್ಟು ಹೊತ್ತೂ ಪೇಟ ಬಿಚ್ಚುವಂತಿಲ್ಲ, ಕೋಟು ತೆಗೆಯುವಂತಿಲ್ಲ, ಕಾಲು ಚಾಚುವಂತಿಲ್ಲ.

“ಪ್ರೀತಮ್ ಸಿಂಗ್ ಜೀ, ತಪ್ಪು ತಿಳ್ಕೋಬೇಡಿ. ಈ ಪರೀಕ್ಷೆ ಯಾವಾಗ ಮುಗಿಯುತ್ತೆ?”

“ಈ ತಿಂಗಳ ಕೊನೆಗೆ ಪಾಪಾಜೀ.”

ಅವನ ಮುಖ ಅರಳಿತು. “ಅಬ್ಬ! ಆಮೇಲೆ ಅಳಿಯಂದಿರು ಡೀಸೆಲ್ಲಿಗೆ ವಾಪಸ್ಸು ಬರ್ತಾರೆ ತಾನೆ?”

“ಬೀಬೀಜೀಗೆ ಲೆಕ್ಕ ಒಪ್ಪಿಗೆಯಾದ್ರೆ ಹತ್ತು ಹೈಡ್ರೋಜನ್ ಲಾರಿ ತಗೋತಾರಂತೆ. ಮೊದಲನೇದು ನಾಜರನಿಗೇ.”

ಸರ್ವಣ್ ಸಿಂಗ್ ಅಲ್ಲೇ ಹೂವಿನ ಮೇಲೆ ಕೂತುಬಿಟ್ಟ. “ಎಷ್ಟು ವರ್ಷ ಓಡುತ್ತೆ ಒಂದು ಲಾರಿ?”

“ಹನ್ನೆರಡು ವರ್ಷ ಓಡುತ್ತೆ.”

“ಹನ್ನೆರಡು,” ಎಂದ ಮುದುಕ. “ನನಗೀಗ ಎಪ್ಪತ್ತೊಂದು. ಹೋದ ವರ್ಷದ ಬೆಳೆ ಎಲ್ಲ ಅವರ ಗ್ಯಾರೇಜಿನಲ್ಲಿದೆ. ಈ ವರ್ಷದ ಹೂವು ಕಾಯಿ ಕಟ್ಟೋಕೆ ಬೇಕಾದ ಜೇನುಪೆಟ್ಟಿಗೆ ಬಾಡಿಗೆಗೆ ತರೋಕೆ ಮಗನ ಹತ್ರ ಕೈ ಚಾಚಿದೆ.”

“ನಾನು ಅವನಿಗೆ ಹೇಳ್ತೀನಿ ಬಿಡಿ.”

ಮುದುಕ ಎದ್ದು ನನ್ನ ಎರಡೂ ಕೈ ಹಿಡಿದ. “ಗುರುವಿನಾಣೆ, ಯಾರಿಗೂ ಹೇಳಬೇಡಿ. ಸರ್ವಣ್ ಸಿಂಗ್ ಅಳಿಯನಿಗೆ ಕೊಟ್ಟದ್ದನ್ನ ಎಣಿಸಿದ ಅಂತ ಆದ್ರೆ ನಾನು ಈ ಊರಲ್ಲಿ ತಲೆ ಎತ್ತೋ ಹಾಗಿಲ್ಲ.” ಕಣ್ಣಲ್ಲಿ ನೀರು ಬೇರೆ. ನಾನು ಮಾತು ಕೊಟ್ಟೆ. ನನಗೆ ನನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅಲ್ಲಿಂದ ಓಕ್‌ಲ್ಯಾಂಡಿನವರೆಗೂ ಹಾರ್ನ್ ಒತ್ತಿಕೊಂಡೇ ಹೋದೆ.

ಲಾರಿಯನ್ನು ತಡೆಯಲು ಆಗುವುದಿಲ್ಲ, ಅಳಿಯನನ್ನು ತಡೆಯುವಂತಿಲ್ಲ. ಸರ್ವಣ್ ಸಿಂಗನಿಗೆ ಉಳಿದ ದಾರಿ ಒಂದೇ: ಪಂಪು ಕೆಡದ ಹಾಗೆ ನೋಡಿಕೊಳ್ಳುವುದು. ಬರೀ ಮುಕ್ಕಾಲು ಗಂಟೆಯ ಅಳಿಯ ನೂರ ಒಂದು ಡಾಲರಿನಲ್ಲಿ ಹೋಗುತ್ತಾನೆ, ಮೂರು ದಿನದ ಅಳಿಯನಿಗೆ ಕುರಿ ಬೀಳಬೇಕು. ಮರುದಿನದಿಂದ ಮುದುಕ ಬೆಳಗ್ಗೆ ಆರಕ್ಕೇ ಫ್ಲಾಸ್ಕಿನಲ್ಲಿ ಟೀ ಹಿಡಿದು ಪಂಪಿನ ಪಕ್ಕ ಕುರ್ಚಿ ಹಾಕಿ ಕೂತ. ರಿಪೇರಿಯವನಿಗೆ ಮೂರು ಹೊತ್ತೂ ಪರಾಠೆ ತಿನ್ನಿಸಿ ತಿನ್ನಿಸಿ ಆ ಮನುಷ್ಯ ಊರು ಬಿಟ್ಟು ಹೋಗದ ಹಾಗೆ ಮಾಡಿದ. ಪೈಪಿನ ಬಾಯಿಗೆ ಹಿಮ ಕಟ್ಟಿದರೆ ತನ್ನ ಶಾಲು ಹೊದಿಸಿದ. ಬೇರೆ ಯಾರಾದರೂ ಹ್ಯಾಂಡಲ್ಲನ್ನು ಒರಟಾಗಿ ಎಳೆದರೆ ಬೈದ: “ಮೆಲ್ಲಗೆ ಮಾರಾಯಾ, ಮೆಲ್ಲಗೆ! ಇದು ಕೆಟ್ಟರೆ ಯಾರ ಮನೆ ಹಾಳಾಗುತ್ತೆ ಅಂತ ನಿನಗೇನು ಗೊತ್ತು!”

ಅಲ್ಲಿಂದ ಮುಂದೆ ಪಂಪು ಒಂದು ನಿಮಿಷವೂ ಕೆಡಲಿಲ್ಲ. ಟ್ರೆವರ್ ಒಮ್ಮೆ ತಾನೇ ಬಂದು ನೋಡಿ ಮೂಕನಾದ. ನಲವತ್ತು ಪಂಪು ನೋಡ್ತೀನಿ, ಇಷ್ಟು ಚೆನ್ನಾಗಿ ಓಡೋದು ಇದೊಂದೇ, ಈ ಹಿರಿಯರು ಯಾಕೆ ಇಷ್ಟು ಶ್ರಮ ಪಡ್ತಾರೆ ಎಂದು ನಾಜರನನ್ನು ಕೇಳಿದ.

“ಅವರಿಗೆ ಹೈಡ್ರೋಜನ್ ಅಂದ್ರೆ ಪ್ರಾಣ,” ಎಂದ ನಾಜರ್, ಹೆಮ್ಮೆಯಿಂದ. ಟ್ರೆವರ್ ಅದನ್ನೂ ಬರೆದುಕೊಂಡ.

ಫೆಬ್ರವರಿ ಕೊನೆಯ ಶುಕ್ರವಾರ ಬೀಬೀಜೀ ಶೆಡ್ಡಿನಲ್ಲಿ ಸಭೆ. ಪಕೋಡ, ಜಿಲೇಬಿ, ದೊಡ್ಡ ಪಾತ್ರೆಯಲ್ಲಿ ಟೀ. ಇಪ್ಪತ್ತು ಡ್ರೈವರುಗಳು, ಅವರ ಮನೆಯವರು, ಬ್ಯಾಂಕಿನವನು. ಬೀಬೀಜೀ ಮುಂದೆ ಸಹಿಯ ಕಾಗದ, ಅದರ ಮೇಲೆ ಪೆನ್ನು. ಮೊದಲ ಸಾಲಿನಲ್ಲಿ ಗುಲಾಬಿ ಪೇಟ ಸುತ್ತಿ ಸರ್ವಣ್ ಸಿಂಗ್. ಯಾಕೆಂದರೆ ಪಂಪನ್ನು ಕಾಪಾಡಿದ ಮಹನೀಯರೆಂದು ಟ್ರೆವರ್ ಅವನಿಗೆ ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಕೊಡಲು ಕರೆಸಿದ್ದ! ಮುದುಕ ಅದನ್ನು ಎದೆಗೆ ಒತ್ತಿಕೊಂಡು, ಆ ಪೆನ್ನಿನ ಮೇಲಿಂದ ಕಣ್ಣು ತೆಗೆಯದೆ ಕೂತಿದ್ದ.

ಟ್ರೆವರ್ ಪರದೆಯ ಮೇಲೆ ಚಿತ್ರ ಬಿಟ್ಟ. ಒಂದೊಂದು ಮೈಲಿಗೆ ಕರಿದೆಣ್ಣೆ ಡೀಸೆಲ್ ಎಪ್ಪತ್ತೊಂಬತ್ತು ಸೆಂಟ್. ಬ್ಯಾಟರಿ ಎಪ್ಪತ್ತೊಂದು. ಸಗಣಿ ಗ್ಯಾಸು ಅರವತ್ತನಾಲ್ಕು. ಕೊನೆಗೆ ಹೇಳಿದ: “ಹೈಡ್ರೋಜನ್, ಎಂಟು ಸೆಂಟ್.”

ಶೆಡ್ಡು ಹಾರಿಹೋಗುವಷ್ಟು ಚಪ್ಪಾಳೆ. ಕೇಹರ್ ಎದ್ದು ನಾಜರನನ್ನು ಹೆಗಲ ಮೇಲೆ ಹೊತ್ತುಕೊಳ್ಳಲು ಹೋಗಿ, ಹನ್ನೊಂದು ಪೌಂಡು ನೆನಪಾಗಿ ಬಿಟ್ಟ. ನಾಜರ್ ಮಂಜಿನಲ್ಲಿದ್ದಾಗಿನ ಮುಖ ಮಾಡಿಕೊಂಡು ಮುಗುಳ್ನಗುತ್ತಿದ್ದ. ಬೀಬೀಜೀ ಪೆನ್ನು ಎತ್ತಿದರು. ಆ ಎಂಟು ಸೆಂಟಿನ ಹಿಂದೆ ಯಾರ ಲಕೋಟೆಗಳಿವೆ ಎಂದು ಹೊಳೆದು ನಾನು ಜಿಲೇಬಿ ಕೆಳಗಿಟ್ಟೆ. ಮಾತು ಕೊಟ್ಟಿದ್ದೇನೆ, ಹೇಳುವಂತಿಲ್ಲ. ಹೇಳದಿದ್ದರೆ ಇಪ್ಪತ್ತು ಮನೆ ಮುಳುಗುತ್ತದೆ, ಲಿವಿಂಗ್‌ಸ್ಟನ್‌ನದೂ ಸೇರಿ ಇಪ್ಪತ್ತೊಂದು. ಕೆಮ್ಮಿದೆ. ಜೋರಾಗಿ ಕೆಮ್ಮಿದೆ. ಬೀಬೀಜೀ ಕನ್ನಡಕದ ಮೇಲಿಂದ ನನ್ನ ನೋಡಿದರು, ಆಮೇಲೆ ಪರದೆಯನ್ನು ನೋಡಿದರು.

“ಟ್ರೆವರ್ ಪುತ್ತರ್, ಮೇಲೆ ಒಂದು ಡಾಲರ್ ಹದಿನಾಲ್ಕು ಸೆಂಟ್ ಅಂತಿದೆ, ಕೆಳಗೆ ಎಂಟು ಹೇಗಾಯ್ತು?”

“ಬಂದದ್ದನ್ನ ಕಳೆದಿದ್ದೀನಿ ಮೇಡಂ. ಲಿವಿಂಗ್‌ಸ್ಟನ್‌ನಲ್ಲಿ ಹೈಡ್ರೋಜನ್ ಲಾರಿಗಳಿಗೆ ತುಂಬಾ ಉದಾರವಾದ ಪ್ರೋತ್ಸಾಹಧನ ಕೊಡ್ತಾರೆ. ಪ್ರತಿ ಸಲ ನಿಂತಾಗಲೂ ನೂರ ಒಂದು ಡಾಲರ್, ಜೊತೆಗೆ ಬಾದಾಮಿ. ಬಾದಾಮಿಗೆ ನಾನು ಸಗಟು ದರ ಹಾಕಿದ್ದೀನಿ.”

“ನೂರ ಒಂದು,” ಎಂದರು ಬೀಬೀಜೀ. ಆ ‘ಒಂದು’ ಯಾವ ಸರ್ಕಾರದ ಖಜಾನೆಯಿಂದಲೂ ಬರುವುದಿಲ್ಲವೆಂದು ಶೆಡ್ಡಿನಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು, ಟ್ರೆವರ್ ಒಬ್ಬನನ್ನು ಬಿಟ್ಟು. “ನಾಜರಾ, ಇದನ್ನ ಯಾರು ಕೊಟ್ಟರೋ?”

“ಮಾವನವರು ಬೀಬೀಜೀ,” ಎಂದ ನಾಜರ್, ಇನ್ನೂ ನಗುತ್ತಲೇ. “ಒಂದು ಸೆಂಟೂ ಬಿಡಬೇಡಿ ಅಂದಿದ್ರಲ್ಲ.”

ಬೀಬೀಜೀ ಮೊದಲ ಸಾಲಿನ ಕಡೆ ತಿರುಗಿದರು.

“ಸರ್ವಣ್ ಸಿಂಗ್ ಜೀ, ನಿಮಗೆ ಹೆಣ್ಣುಮಕ್ಕಳು ಎಷ್ಟು ಜನ?”

“ಒಬ್ಬಳೇ, ಬೀಬೀಜೀ,” ಎಂದ ಮುದುಕ ತಲೆ ತಗ್ಗಿಸಿ.

“ಹತ್ತು ಲಾರಿಗೆ ಒಬ್ಬಳು ಸಾಲೋದಿಲ್ಲ,” ಎಂದು ಬೀಬೀಜೀ ಪೆನ್ನಿನ ಮುಚ್ಚಳ ಹಾಕಿದರು.

ಅಯ್ಯೋ ಆ ನಗು! ಡ್ರೈವರುಗಳು ಬೆಂಚಿನಿಂದ ಉರುಳಿದರು. ಮದುವೆಯಾಗದ ಇಬ್ಬರು ತಾವು ಲಿವಿಂಗ್‌ಸ್ಟನ್‌ನಲ್ಲೇ ಹೆಣ್ಣು ನೋಡುತ್ತೇವೆ ಎಂದು ಕೂಗಿದರು. ಮಗಳಿಗೂ ಇಂಧನಕ್ಕೂ ಏನು ಸಂಬಂಧ ಎಂದು ಟ್ರೆವರನಿಗೆ ತಿಳಿಸಿಕೊಡಲು ಅರ್ಧ ಗಂಟೆ ಹಿಡಿಯಿತು. ಅವನು ಪೂರ್ತಿ ಕೇಳಿ, ವರದಿಯ ಕೆಳಗೆ ಗಂಭೀರವಾಗಿ ಒಂದು ಸಾಲು ಸೇರಿಸಿದ: ಈ ಪ್ರೋತ್ಸಾಹಧನ ಎಲ್ಲ ಚಾಲಕರಿಗೂ ಅನ್ವಯಿಸುವುದಿಲ್ಲ. ಬೀಬೀಜೀ ಆರು ಸಗಣಿ ಗ್ಯಾಸಿನ ಲಾರಿಗಳಿಗೆ ಸಹಿ ಹಾಕಿದರು.

ನಗದೆ ಇದ್ದವರು ಇಬ್ಬರೇ. ನಾಜರ್ ಎದ್ದು ಮಾವನ ಹತ್ತಿರ ಹೋದ. ಅಷ್ಟು ವಾರದಲ್ಲಿ ಮೊದಲ ಸಲ ಅವನ ಕಣ್ಣಿನಲ್ಲಿ ಮಂಜಿರಲಿಲ್ಲ.

“ಪಾಪಾಜೀ, ಒಂದು ಮಾತು ಹೇಳಬಾರದಿತ್ತಾ?”

“ಅತಿಥಿಗೆ ಹೇಳೋ ಮಾತಾ ಅದು?” ಎಂದು ಸರ್ವಣ್ ಸಿಂಗ್ ಎದ್ದು ಹೊರಟ. ಪ್ರಶಸ್ತಿಪತ್ರ ಕುರ್ಚಿಯ ಮೇಲೇ ಉಳಿಯಿತು.

ಮಾರ್ಚಿನಲ್ಲಿ ಹೊಸ ಲಾರಿ ಬಂತು. ಸಗಣಿ ಗ್ಯಾಸಿನ ಟ್ಯಾಂಕು ದೊಡ್ಡದು, ಲಿವಿಂಗ್‌ಸ್ಟನ್‌ನಲ್ಲಿ ನಿಲ್ಲುವ ಕೆಲಸವೇ ಇಲ್ಲ. ನಾಜರ್ ಬಿಸ್ಕತ್ತಿನ ಡಬ್ಬಿಯನ್ನು ಸೀಟಿನ ಕೆಳಗಿಟ್ಟುಕೊಂಡು ಎರಡು ವಾರ ಆ ಊರನ್ನು ದಾಟಿದ. ನಲವತ್ತೆಂಟು ಲಕೋಟೆಗಳು, ಒಂದೂ ಒಡೆದಿಲ್ಲ. ವಾಪಸ್ಸು ಕೊಡೋ ಮಾರಾಯಾ ಎಂದು ನೀವು ಹೇಳಬಹುದು. ಅಳಿಯನಾದವನು ಮಾವ ಕೊಟ್ಟದ್ದನ್ನು ತಿರುಗಿಸಿ ಕೊಟ್ಟರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಇಟ್ಟುಕೊಳ್ಳಲು ಮನಸ್ಸಿಲ್ಲ, ಕೊಡಲು ದಾರಿಯಿಲ್ಲ. ಆ ಊರು ಬಂದಾಗಲೆಲ್ಲ ಎಡಗಡೆ ನೋಡದೆ, ತಪ್ಪು ಮಾಡಿದವನ ಹಾಗೆ ಕುತ್ತಿಗೆ ಒಳಗೆಳೆದುಕೊಂಡು ಹೋಗುತ್ತಿದ್ದ. ಫೋನಿನಲ್ಲಿ ಮಾತೂ ನಿಂತಿತ್ತು. ಹಿಂದಿನ ಲಾರಿಯಲ್ಲಿದ್ದ ನನಗೆ ಆ ಮೌನ ತಡೆಯಲಾಗದೆ, ಮಂಜಿನ ಬಗ್ಗೆ ಏನಾದರೂ ಹೇಳೋ ಎಂದು ನಾನೇ ಕೇಳಿದೆ. ಮಂಜು ಹೋಯ್ತಲ್ಲ ಪಾಜೀ ಎಂದ.

ಒಂದು ಮಂಗಳವಾರ, ಹತ್ತು ಗಂಟೆಯ ಬಿಸಿಲಲ್ಲಿ, ಲಿವಿಂಗ್‌ಸ್ಟನ್ ಇನ್ನೂ ಎರಡು ಮೈಲಿ ಇರುವಾಗ ನಾಜರ್ ನನಗೆ ಫೋನ್ ಮಾಡಿದ.

“ಪಾಜೀ, ಪಾಪಾಜೀ ಫೋನ್ ಮಾಡಿದ್ರು. ಮನೆಗೆ ಬಾ ಅಂದ್ರು. ಏನಕ್ಕೆ ಅಂತ ಹೇಳ್ಲಿಲ್ಲ, ಇಟ್ಟುಬಿಟ್ರು. ನೀನೂ ಬಾ, ಒಬ್ಬನೇ ಹೋಗೋಕೆ ನನಗೆ ಧೈರ್ಯ ಇಲ್ಲ.”

ಇಬ್ಬರೂ ಲಾರಿಗಳನ್ನು ತೋಟದ ಬದಿಗೆ ನಿಲ್ಲಿಸಿ ನಡೆದುಹೋದೆವು. ಹೂ ಹೋಗಿ ಮರಗಳಲ್ಲಿ ಹಸಿರು ತುಂಬಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ, ಎಣ್ಣೆಯೂ ಇಲ್ಲ. ಸರ್ವಣ್ ಸಿಂಗ್ ಜಗಲಿಯಲ್ಲಿ ಬನಿಯನ್ ಹಾಕಿಕೊಂಡು, ಪೇಟವಿಲ್ಲದೆ, ಬರಿಯ ಜುಟ್ಟು ಕಟ್ಟಿಕೊಂಡು, ಎರಡೂ ಕಾಲು ಸ್ಟೂಲಿನ ಮೇಲೆ ಚಾಚಿ ಕೂತಿದ್ದ. ನಮ್ಮನ್ನು ನೋಡಿದರೂ ಏಳಲಿಲ್ಲ. ನಾಜರನ ಕಾಲು ಅಲ್ಲೇ ನಿಂತಿತು. ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

“ಏನೋ ಅದು ಹಿಂದೆ?”

“ಏನಿಲ್ಲ ಪಾಪಾಜೀ.”

“ತೋರಿಸು.”

ನಾಜರ್ ಡಬ್ಬಿ ಮುಂದೆ ಹಿಡಿದ. ಮುಚ್ಚಳ ತೆಗೆದು ನೋಡಿದ ಸರ್ವಣ್ ಸಿಂಗನಿಗೆ ಎಲ್ಲ ಅರ್ಥವಾಯಿತು. ಈಗ ಬೈಗುಳದ ಮಳೆ ಎಂದುಕೊಂಡೆ ನಾನು.

“ತಪ್ಪಾಯ್ತು ಪಾಪಾಜೀ,” ಎಂದ ನಾಜರ್. “ವಾಪಸ್ಸು ಕೊಡಬಾರದು ಅಂತ ಗೊತ್ತು. ಇಟ್ಕೊಳ್ಳೋಕೂ ಆಗ್ತಿಲ್ಲ. ರಾತ್ರಿ ನಿದ್ದೆ ಬರ್ತಿಲ್ಲ.”

ಮುದುಕ ಡಬ್ಬಿಯ ಮುಚ್ಚಳವನ್ನು ಮತ್ತೆ ಒತ್ತಿ ಮುಚ್ಚಿದ. ಆಮೇಲೆ ಹೇಳಿದ:

“ಅಳಿಯ ತಿರುಗಿಸಿ ಕೊಟ್ರೆ ನಾನು ಮುಟ್ಟೋದಿಲ್ಲ, ಪ್ರಾಣ ಹೋದ್ರೂ ಮುಟ್ಟೋದಿಲ್ಲ. ಮಗ ದುಡಿದು ತಂದು ಕೈಗಿಟ್ರೆ ಬೇಡ ಅನ್ನೋಕೆ ನಾನ್ಯಾರು?” ಎಂದು, ಎಣಿಸದೆ ಡಬ್ಬಿಯನ್ನು ಪಕ್ಕಕ್ಕಿಟ್ಟುಕೊಂಡ. “ನಿಂತೇ ಇದ್ದೀಯಲ್ಲ, ಆ ಗೋಡೆ ಪಕ್ಕ ಏಣಿ ಇದೆ ನೋಡು, ಹಿಡ್ಕೊಂಡು ಬಾ. ನೀರಿನ ಪೈಪು ಸೋರ್ತಾ ಇದೆ, ಹದಿನೈದು ದಿನದಿಂದ ನಿನ್ನ ಕಾಯ್ತಾ ಇದ್ದೀನಿ. ಲಾರಿ ಓಡಿಸೋನಿಗೆ ಇಷ್ಟೂ ಬರಲ್ವಾ?”

“ಬರುತ್ತೆ ಪಾಪಾಜೀ, ಬರುತ್ತೆ!” ಎಂದು ನಾಜರ್ ಓಡಿದ. ಏಣಿ ಹತ್ತಿ ಪೈಪು ಬಿಗಿದ, ನೀರು ಮುಖಕ್ಕೆ ಚಿಮ್ಮಿತು, ಅಂಗಿಯೆಲ್ಲ ಒದ್ದೆಯಾಯಿತು. ಆ ನೀರಿನ ನಡುವೆ ಅವನು ಅಳುತ್ತಿದ್ದನೋ ನಗುತ್ತಿದ್ದನೋ ಕೆಳಗೆ ಏಣಿ ಹಿಡಿದಿದ್ದ ನನಗೆ ಹೇಳಲಾಗುವುದಿಲ್ಲ. ಒಳಗಿನಿಂದ ಯಾರೋ ಬೆಳಗ್ಗೆ ಮಾಡಿಟ್ಟ ಟೀಯನ್ನೇ ಬಿಸಿ ಮಾಡಿ ಎರಡು ಲೋಟಗಳಲ್ಲಿ ತಂದುಕೊಟ್ಟರು. ಕುಡಿದ ಮೇಲೆ ಲೋಟ ಅಲ್ಲೇ ತೊಳೆದಿಡಿ ಎಂದು ಹೇಳಿ ಹೋದರು. ನಾಜರ್ ತನ್ನದನ್ನು ಎರಡು ಸಲ ತೊಳೆದ.

ಹೊರಟಾಗ ಯಾರೂ ಏಳಲಿಲ್ಲ. ನಾವು ಬರಿಗೈಯಲ್ಲಿ ತೋಟ ದಾಟುತ್ತಿದ್ದರೆ ಜಗಲಿಯಿಂದ ಮುದುಕನ ಕೂಗು ಕೇಳಿಸಿತು:

“ಲೋ ನಾಜರಾ! ಗೇಟು ಯಾರು ಹಾಕ್ಬೇಕೋ, ನಿಮ್ಮಪ್ಪ ಬರ್ಬೇಕಾ?”

ನಾಜರ್ ತಿರುಗಿ ಓಡಿಹೋಗಿ ಗೇಟು ಹಾಕಿದ. ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ನೋಡುವ ನೆಪದಲ್ಲಿ ಅದನ್ನು ಹಿಡಿದುಕೊಂಡು ಅಲ್ಲೇ ತುಂಬಾ ಹೊತ್ತು ನಿಂತ.